ನಗಿಸಲು ಊರು ಕಟ್ಟಿಸಿ, ಇದ್ದ ಮನೆ ಕಳೆದುಕೊಂಡ ಜಾಕ್ ತಾತಿ

ಮಿಸ್ಟರ್ ಬೀನ್ ನೋಡಿ ನಗದವರು ಯಾರಿದ್ದಾರೆ? ಹೆಚ್ಚು ಮಾತಿಲ್ಲ, ದೊಡ್ಡ ಕಥೆಯಿಲ್ಲ. ಒಬ್ಬ ಮನುಷ್ಯ ಮತ್ತು ಅವನ ಮಾತು ಕೇಳದ ವಸ್ತುಗಳು, ಅಷ್ಟೇ. ಆ ಪಾತ್ರ ಮಾಡಿದ ರೋವನ್ ಅಟ್ಕಿನ್ಸನ್ ತಮ್ಮ ಮೇಲೆ ಪ್ರಭಾವ ಬೀರಿದವರನ್ನು ನೆನೆಯುವಾಗ ಫ್ರಾನ್ಸಿನ ಒಬ್ಬ ನಟನನ್ನು ಹೆಸರಿಸುತ್ತಾರೆ. ಅವರೇ ಜಾಕ್ ತಾತಿ. ತಾವೇ ಬರೆದು, ತಾವೇ ನಟಿಸಿ, ತಾವೇ ನಿರ್ದೇಶಿಸುತ್ತಿದ್ದ ತಾತಿ ಜೀವಮಾನದಲ್ಲಿ ಮಾಡಿದ್ದು ಬರೀ ಆರು ಪೂರ್ಣಾವಧಿ ಚಿತ್ರ. ಅದರಲ್ಲಿ ಒಂದು ಆಸ್ಕರ್ ತಂದುಕೊಟ್ಟಿತು. ಇನ್ನೊಂದು ಮನೆ ಮಾರಿಸಿತು. ವಿಚಿತ್ರವೆಂದರೆ, ಇವತ್ತು ಜಗತ್ತಿನ ವಿಮರ್ಶಕರು ತಲೆ ಮೇಲೆ ಹೊತ್ತು ಮೆರೆಸುತ್ತಿರುವುದು ಆಸ್ಕರ್ ತಂದ ಚಿತ್ರವನ್ನಲ್ಲ, ಮನೆ ಮಾರಿಸಿದ ಚಿತ್ರವನ್ನು.

ತಾತಿ ಹುಟ್ಟಿದ್ದು 1907ರ ಅಕ್ಟೋಬರ್ 9ರಂದು, ಪ್ಯಾರಿಸ್ ಹೊರವಲಯದ ಲ ಪೆಕ್ ಎಂಬ ಊರಿನಲ್ಲಿ. ಪೂರ್ಣ ಹೆಸರು ಜಾಕ್ ತಾತಿಶೆಫ್. ಹೆಸರೇ ಹೇಳುವಂತೆ ತಂದೆಯ ಕಡೆಯವರು ರಷ್ಯಾ ಮೂಲದ ಕುಲೀನರು. ಅಜ್ಜ ಪ್ಯಾರಿಸ್‌ನ ರಷ್ಯನ್ ರಾಯಭಾರ ಕಚೇರಿಯಲ್ಲಿ ಸೇನಾ ಅಧಿಕಾರಿಯಾಗಿದ್ದವರು. ತಾಯಿಯ ಕಡೆಯವರದು ಡಚ್ ಮೂಲ. ಅವರದು ಚಿತ್ರಗಳಿಗೆ ಕಟ್ಟು ಹಾಕುವ ವ್ಯಾಪಾರ. ಅದೂ ಸಣ್ಣಪುಟ್ಟ ಅಂಗಡಿಯಲ್ಲ, ಪ್ಯಾರಿಸ್‌ನ ಸಿರಿವಂತರು ಬಂದು ಹೋಗುತ್ತಿದ್ದ ಮಳಿಗೆ. ಹದಿನಾರಕ್ಕೇ ಶಾಲೆಗೆ ಶರಣು ಹೊಡೆದ ಹುಡುಗನನ್ನು ಮನೆಯವರು ಇದೇ ಕಸುಬಿಗೆ ಹಚ್ಚಿದರು. ಮರ ಕೊಯ್ಯುವುದು, ಮೂಲೆ ಕೂಡಿಸುವುದು, ಚಿತ್ರ ನೇರ ಕೂತಿದೆಯೇ ಎಂದು ದೂರ ನಿಂತು ನೋಡುವುದು. ಮುಂದೆ ಕ್ಯಾಮೆರಾ ಹಿಂದೆ ನಿಂತಾಗಲೂ ತಾತಿ ಮಾಡಿದ್ದು ಹೆಚ್ಚುಕಡಿಮೆ ಇದನ್ನೇ. ಅವರ ಚಿತ್ರಗಳಲ್ಲಿ ಕ್ಯಾಮೆರಾ ನಟನ ಮುಖದ ಹತ್ತಿರ ಹೋಗುವುದೇ ಅಪರೂಪ.

ಊಟದ ಮೇಜಿನ ಆಟಗಾರ

ಕಟ್ಟು ಹಾಕುವ ಕೆಲಸ ಕಲಿಯಲೆಂದು ಲಂಡನ್‌ಗೆ ಹೋದ ತಾತಿ ಅಲ್ಲಿ ಹಚ್ಚಿಕೊಂಡು ಬಂದದ್ದು ರಗ್ಬಿ ಗೀಳನ್ನು. ಪ್ಯಾರಿಸ್‌ಗೆ ಮರಳಿ ರೇಸಿಂಗ್ ಕ್ಲಬ್ ಸೇರಿದರು. ಆಳು ಆರಡಿ ಮೀರಿದ ಎತ್ತರ. ಆದರೆ ಅವರ ನಿಜವಾದ ಆಟ ಶುರುವಾಗುತ್ತಿದ್ದುದು ಪಂದ್ಯ ಮುಗಿದ ಮೇಲೆ, ರಾತ್ರಿ ಊಟದ ಹೊತ್ತಿಗೆ. ಗೋಲ್‌ಕೀಪರ್ ಹೇಗೆ ನಿಲ್ಲುತ್ತಾನೆ, ಟೆನಿಸ್ ಆಡುವವನು ಚೆಂಡು ತಪ್ಪಿದ ಮೇಲೆ ರಾಕೆಟ್ಟನ್ನೇ ಹೇಗೆ ಅನುಮಾನದಿಂದ ನೋಡುತ್ತಾನೆ ಎಂದೆಲ್ಲ ಒಂದು ಮಾತೂ ಆಡದೆ ಮಾಡಿ ತೋರಿಸುತ್ತಿದ್ದರು. ಗೆಳೆಯರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು.

ಇದನ್ನೇ ಹೊಟ್ಟೆಪಾಡು ಮಾಡಿಕೊಳ್ಳುತ್ತೇನೆ ಎಂದಾಗ ಮಾತ್ರ ಮನೆಯಲ್ಲಿ ಯಾರೂ ನಗಲಿಲ್ಲ. 1930ರ ದಶಕದ ಆ ದಿನಗಳು ಆರ್ಥಿಕ ಕುಸಿತದ ದಿನಗಳು. ಕೈಯಲ್ಲಿದ್ದ ಕಸುಬು ಬಿಟ್ಟು ಬಂದ ತಾತಿ ಕೆಲವು ವರ್ಷ ಪಡಬಾರದ ಪಾಡು ಪಟ್ಟರು. ಆಮೇಲೆ ಸಂಗೀತ ಮಂದಿರಗಳಲ್ಲಿ ಅವಕಾಶ ಸಿಕ್ಕಿತು. ಕುದುರೆ ಸವಾರಿ ಮಾಡುವವನೂ ತಾನೇ, ಕುದುರೆಯೂ ತಾನೇ ಆಗುವ ಅವರ ಐಟಂ ನೋಡಿದ ಹೆಸರಾಂತ ಲೇಖಕಿ ಕೊಲೆಟ್ 1936ರಲ್ಲಿ ಮನಸಾರೆ ಮೆಚ್ಚಿ ಬರೆದರು. ಬಾಗಿಲು ತೆರೆಯಿತು. ನಡುವೆ ಒಂದಷ್ಟು ಕಿರುಚಿತ್ರಗಳಲ್ಲೂ ಕಾಣಿಸಿಕೊಂಡರು.

ಅಷ್ಟರಲ್ಲಿ ಯುದ್ಧ ಬಂತು. 1939ರಲ್ಲಿ ಸೇನೆಗೆ ಕರೆ, 1940ರಲ್ಲಿ ಫ್ರಾನ್ಸಿನ ಸೋಲು. ಜರ್ಮನ್ನರ ವಶದಲ್ಲಿದ್ದ ಪ್ಯಾರಿಸ್‌ಗೆ ಮರಳಿದ ತಾತಿ ಲಿಡೋ ಎಂಬ ರಂಜನಾ ಮಂದಿರದಲ್ಲಿ ಪ್ರದರ್ಶನ ಕೊಡುತ್ತಿದ್ದರು. ಅಲ್ಲಿನ ನರ್ತಕಿಯೊಬ್ಬರಿಗೆ ಅವರಿಂದ ಹೆಣ್ಣುಮಗು ಹುಟ್ಟಿತು. ತಾತಿ ಆ ಮಗುವನ್ನು ತನ್ನದೆಂದು ಒಪ್ಪಿಕೊಳ್ಳಲಿಲ್ಲ. ಇಡೀ ಜಗತ್ತಿಗೆ ಮುಗ್ಧ ಮನುಷ್ಯನೊಬ್ಬನನ್ನು ಕೊಟ್ಟವರ ಬದುಕಿನಲ್ಲಿ ಈ ಪುಟವೂ ಇದೆ. ಇದನ್ನು ಮುಚ್ಚಿಟ್ಟು ಅವರ ಕಥೆ ಹೇಳುವುದು ಸರಿಯಲ್ಲ.

ಅಂಚೆಯಣ್ಣನ ಸೈಕಲ್ಲು

ಯುದ್ಧದ ನಡುವೆ, 1943ರಲ್ಲಿ, ಗೆಳೆಯ ಆನ್ರಿ ಮಾರ್ಕೆ ಜತೆ ತಾತಿ ಪ್ಯಾರಿಸ್ ಬಿಟ್ಟು ನಡುಫ್ರಾನ್ಸಿನ ಸೆಂತ್ ಸೆವೆರ್ ಎಂಬ ಹಳ್ಳಿಯ ಕಡೆ ಹೋಗಿ ಕೂತರು. ಹಳ್ಳಿಯ ಜನ ಇವರನ್ನು ಬಚ್ಚಿಟ್ಟುಕೊಂಡು ಕಾಪಾಡಿದರು. ಅಲ್ಲಿ ಕಣ್ಣಿಗೆ ಬಿದ್ದ ಚೌಕ, ಕೋಳಿಗಳು, ಕೆಲಸ ಬಿಟ್ಟು ಮಾತಿಗೆ ನಿಲ್ಲುವ ಜನ, ಎಲ್ಲವೂ ತಲೆಯಲ್ಲಿ ಉಳಿಯಿತು. ಯುದ್ಧ ಮುಗಿದ ಮೇಲೆ, 1947ರಲ್ಲಿ, ಅದೇ ಹಳ್ಳಿಗೆ ಕ್ಯಾಮೆರಾ ಹೊತ್ತು ಬಂದು ಅದೇ ಜನರನ್ನು ಹಾಕಿಕೊಂಡು ತೆಗೆದ ಚಿತ್ರ 'ಜೂರ್ ದ ಫೆತ್'. ಅಂದರೆ ಹಬ್ಬದ ದಿನ.

ಕಥೆ ಇಷ್ಟೇ. ಊರಿನ ಜಾತ್ರೆಯಲ್ಲಿ ಅಮೆರಿಕದ ಅಂಚೆ ಇಲಾಖೆಯ ವೇಗದ ಬಗ್ಗೆ ಒಂದು ಸಿನಿಮಾ ತೋರಿಸುತ್ತಾರೆ. ಅದನ್ನು ನೋಡಿದ ಹಳ್ಳಿಯ ಪೋಸ್ಟ್‌ಮ್ಯಾನ್ ಫ್ರಾನ್ಸ್ವಾ ತಾನೂ ಅಷ್ಟೇ ವೇಗವಾಗಿ ಕಾಗದ ಹಂಚುತ್ತೇನೆಂದು ಸೈಕಲ್ ಏರುತ್ತಾನೆ. ಮುಂದಿನದನ್ನು ಹೇಳಿ ಕೆಡಿಸುವುದು ಬೇಡ. ಇದು ಫ್ರಾನ್ಸಿನ ಮೊದಲ ಕಲರ್ ಚಿತ್ರಗಳಲ್ಲಿ ಒಂದಾಗಬೇಕಿತ್ತು. ಥಾಮ್ಸನ್‌ಕಲರ್ ಎಂಬ ಹೊಸ ತಂತ್ರ ಬಳಸಿ ಚಿತ್ರೀಕರಿಸಿದರು. ಎಲ್ಲಿ ಕೈಕೊಡುತ್ತದೋ ಎಂದು ಪಕ್ಕದಲ್ಲೇ ಇನ್ನೊಂದು ಕಪ್ಪುಬಿಳುಪು ಕ್ಯಾಮೆರಾ ಇಟ್ಟಿದ್ದರು. ಹಾಗೇ ಆಯಿತು. ಬಣ್ಣದ ಪ್ರಿಂಟ್ ತೆಗೆಯಲು ಯಾರಿಂದಲೂ ಆಗಲಿಲ್ಲ. ಕಪ್ಪುಬಿಳುಪು ಚಿತ್ರವನ್ನು ಕೊಳ್ಳಲೂ ವಿತರಕರು ಮುಂದೆ ಬರಲಿಲ್ಲ. ಕೊನೆಗೂ 1949ರಲ್ಲಿ ತೆರೆಕಂಡಾಗ ಜನ ಮುಗಿಬಿದ್ದರು. ವೆನಿಸ್ ಚಿತ್ರೋತ್ಸವದಲ್ಲಿ ಚಿತ್ರಕಥೆಗೆ ಪ್ರಶಸ್ತಿಯೂ ಬಂತು.

ಇನ್ನೊಬ್ಬರಾಗಿದ್ದರೆ ಪೋಸ್ಟ್‌ಮ್ಯಾನ್ ಭಾಗ ಎರಡು, ಭಾಗ ಮೂರು ಎಂದು ತೆಗೆಯುತ್ತಾ ಹೋಗುತ್ತಿದ್ದರು. ಹಾಗೆ ಮಾಡಿ ಎಂದು ಒತ್ತಾಯವೂ ಇತ್ತು. ತಾತಿ ಒಪ್ಪಲಿಲ್ಲ. ನಾಲ್ಕು ವರ್ಷ ಸುಮ್ಮನಿದ್ದು 1953ರಲ್ಲಿ ಹೊಸ ಮನುಷ್ಯನನ್ನು ಕರೆತಂದರು. ಹೆಸರು ಮೊಸ್ಯು ಉಲೋ. ಮೊಸ್ಯು ಎಂದರೆ ನಮ್ಮಲ್ಲಿ ಶ್ರೀಯುತರು ಎಂದಂತೆ.

ಬಾಯಲ್ಲಿ ಪೈಪು, ತಲೆಗೊಂದು ಟೋಪಿ, ಗಿಡ್ಡ ಪ್ಯಾಂಟು, ಅದರ ಕೆಳಗೆ ಇಣುಕುವ ಪಟ್ಟೆಪಟ್ಟೆ ಕಾಲುಚೀಲ. ಎದುರುಗಾಳಿಗೆ ಹೋಗುವವನಂತೆ ಮುಂದಕ್ಕೆ ಬಾಗಿದ ನಡಿಗೆ. ಎಲ್ಲರಿಗೂ ಅತಿ ವಿನಯದಿಂದ ನಮಸ್ಕಾರ ಹಾಕುವ ಈ ಉಲೋ ಕಾಲಿಟ್ಟಲ್ಲೆಲ್ಲ ಏನಾದರೊಂದು ಬಿದ್ದೇ ಬೀಳುತ್ತದೆ. 'ಮೊಸ್ಯು ಉಲೋ ಅವರ ರಜೆ' ಚಿತ್ರದಲ್ಲಿ ಆತ ಕಡಲತೀರದ ಹೋಟೆಲ್ಲಿಗೆ ರಜೆ ಕಳೆಯಲು ಬರುತ್ತಾನೆ. ಚಿತ್ರ ಶುರುವಾಗುವುದೇ ರೈಲ್ವೆ ನಿಲ್ದಾಣದಲ್ಲಿ. ಧ್ವನಿವರ್ಧಕ ಏನೋ ಗೊರಗೊರ ಎನ್ನುತ್ತದೆ, ಒಂದಕ್ಷರ ಅರ್ಥವಾಗುವುದಿಲ್ಲ, ಜನ ಗಂಟುಮೂಟೆ ಹೊತ್ತು ಒಂದು ಪ್ಲಾಟ್‌ಫಾರಂನಿಂದ ಇನ್ನೊಂದಕ್ಕೆ ಓಡುತ್ತಾರೆ, ರೈಲು ಮತ್ತೆಲ್ಲೋ ಬಂದು ನಿಲ್ಲುತ್ತದೆ. ದಾದರ್‌ನಲ್ಲೋ ಸಿಕಂದರಾಬಾದ್‌ನಲ್ಲೋ ನಿಂತವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿ ಒಂದಿದೆ. ತಾತಿ ಮೂಕಾಭಿನಯದಿಂದ ಬಂದವರಾದರೂ ಅವರ ಚಿತ್ರಗಳು ಮೂಕಿ ಚಿತ್ರಗಳಲ್ಲ. ಚಿತ್ರೀಕರಣದ ವೇಳೆಯ ಶಬ್ದವನ್ನು ಬದಿಗಿಟ್ಟು, ಆಮೇಲೆ ಸ್ಟುಡಿಯೋದಲ್ಲಿ ಕೂತು ಒಂದೊಂದೇ ಶಬ್ದ ಹುಡುಕಿ ಜೋಡಿಸುತ್ತಿದ್ದರು. ಆ ಹೋಟೆಲ್ಲಿನ ಊಟದ ಕೋಣೆಯ ಬಾಗಿಲು ಪ್ರತಿ ಸಲ ತೆರೆದಾಗಲೂ ತಂತಿ ಮೀಟಿದಂತೆ ಒಂದು ಸದ್ದು ಬರುತ್ತದೆ. ಜೋಕ್ ಅಷ್ಟೇ. ಹತ್ತನೇ ಸಲಕ್ಕೆ ಬಾಗಿಲು ತೆರೆಯುವ ಮೊದಲೇ ನಗು ಬಂದಿರುತ್ತದೆ. ಮಾತು ಇದೆ, ಆದರೆ ಅದೂ ಗಾಳಿ, ಅಲೆಗಳ ಸದ್ದಿನ ಜತೆ ಬೆರೆತ ಇನ್ನೊಂದು ಸದ್ದು. ಅದಕ್ಕೇ ಫ್ರೆಂಚ್ ಗೊತ್ತಿಲ್ಲದವರೂ ಅವರ ಚಿತ್ರ ನೋಡಬಹುದು.

ಚಿತ್ರ ಗೆದ್ದಿತು. ಫ್ರಾನ್ಸಿನ ಪ್ರತಿಷ್ಠಿತ ಲೂಯಿ ದೆಲ್ಯುಕ್ ಪ್ರಶಸ್ತಿ ಬಂತು, ಚಿತ್ರಕಥೆಗೆ ಆಸ್ಕರ್ ನಾಮನಿರ್ದೇಶನವೂ ಸಿಕ್ಕಿತು. 1955ರಲ್ಲಿ ನಡೆದ ಕಾರು ಅಪಘಾತದಲ್ಲಿ ಎಡಗೈಗೆ ಪೆಟ್ಟಾಗಿ ಕೆಲಸ ತಡವಾಯಿತು. ನಿರ್ಮಾಪಕರ ಸಹವಾಸ ಸಾಕೆಂದು ಸ್ಪೆಕ್ತಾ ಫಿಲ್ಮ್ಸ್ ಎಂಬ ಸ್ವಂತ ಸಂಸ್ಥೆ ಕಟ್ಟಿದರು. ಮುಂದೆ ಮೇಲೇರಿದ್ದೂ ಕೆಳಗೆ ಬಿದ್ದದ್ದೂ ಈ ಸ್ವಂತ ಸಂಸ್ಥೆಯ ಹೆಗಲ ಮೇಲೆಯೇ.

1958ರ 'ಮೋನ್ ಓಂಕ್ಲ್' ಚಿತ್ರದ ಹೆಸರನ್ನು ಇಂಗ್ಲಿಷ್‌ನವರು ಅಂಕಲ್ ಎಂದು ಮುಗಿಸಿದರು. ನಮ್ಮ ಭಾಷೆಯಲ್ಲಿ ಸರಿಯಾಗಿ ಹೇಳಬಹುದು: ನನ್ನ ಸೋದರಮಾವ. ಅಕ್ಕನ ಮನೆ ಹೊಸ ಕಾಲದ ಬಂಗಲೆ. ಗೇಟು, ಅಡುಗೆಮನೆ, ಗ್ಯಾರೇಜು ಎಲ್ಲವೂ ಯಂತ್ರ. ಅಂಗಳದಲ್ಲೊಂದು ಮೀನಿನ ಕಾರಂಜಿ. ದೊಡ್ಡ ಮನುಷ್ಯರು ಬಂದರೆ ಮಾತ್ರ ಅದರ ಬಾಯಿಂದ ನೀರು ಚಿಮ್ಮುತ್ತದೆ. ಬಂದವರು ಬರೀ ತಮ್ಮ ಉಲೋ ಎಂದು ಗೊತ್ತಾದರೆ ಬಂದ್. ಆ ಮನೆಯ ಹುಡುಗನಿಗೆ ಮಾತ್ರ ಹಳೇ ಪೇಟೆಯ ಹಳೇ ಕಟ್ಟಡದ ಮೇಲ್ಮಾಳಿಗೆಯಲ್ಲಿ ವಾಸಿಸುವ ಮಾವನೇ ಇಷ್ಟ. ಆ ಮಾವನ ಕೋಣೆಯ ಕಿಟಕಿಯ ಗಾಜನ್ನು ಸ್ವಲ್ಪ ತಿರುಗಿಸಿದರೆ ಬಿಸಿಲು ಎದುರಿನ ಪಂಜರಕ್ಕೆ ಬಿದ್ದು ಹಕ್ಕಿ ಹಾಡುತ್ತದೆ. ಕಾನ್‌ನಲ್ಲಿ ಜ್ಯೂರಿಯ ವಿಶೇಷ ಬಹುಮಾನ, ಮರುವರ್ಷ ಅತ್ಯುತ್ತಮ ವಿದೇಶಿ ಚಿತ್ರಕ್ಕಿರುವ ಆಸ್ಕರ್. ಅಮೆರಿಕಕ್ಕೆ ಹೋದಾಗ ತಾತಿ ಹುಡುಕಿಕೊಂಡು ಹೋಗಿ ಭೇಟಿಯಾದದ್ದು ಹಳೇ ಹಾಸ್ಯ ಚಿತ್ರಗಳ ಬಸ್ಟರ್ ಕೀಟನ್, ಸ್ಟಾನ್ ಲಾರೆಲ್, ಮ್ಯಾಕ್ ಸೆನೆಟ್ ಅವರನ್ನು.

ಆಗ ಅವರಿಗೆ 51 ವರ್ಷ. ಕೈತುಂಬ ಹಣ, ಎಲ್ಲೆಡೆ ಹೆಸರು. ಉಲೋನನ್ನು ವರ್ಷಕ್ಕೊಮ್ಮೆ ತೆರೆಗೆ ತಂದಿದ್ದರೂ ಸಾಕಿತ್ತು, ಮೊಮ್ಮಕ್ಕಳ ಕಾಲಕ್ಕೂ ಆಗುವಷ್ಟು ಆಸ್ತಿಯಾಗುತ್ತಿತ್ತು. ಆದರೆ ತಾತಿಗೆ ಉಲೋ ಬಗ್ಗೆಯೇ ಬೇಸರ ಬರತೊಡಗಿತ್ತು. ನಗುವೆಲ್ಲ ಒಬ್ಬನ ಸುತ್ತಲೇ ಯಾಕೆ ಗಿರಕಿ ಹೊಡೆಯಬೇಕು? ಬೀದಿಯಲ್ಲಿ ಹೋಗುವ ಯಾರೂ ಒಂದು ಕ್ಷಣ ಹಾಸ್ಯನಟನೇ ಅಲ್ಲವೇ? ಹೀಗೆ ಯೋಚಿಸಿದ ತಾತಿ ನಾಯಕನಿಲ್ಲದ ಹಾಸ್ಯ ಚಿತ್ರ ಮಾಡಲು ಹೊರಟರು. ಟಿಕೆಟ್ ಮಾರುತ್ತಿದ್ದ ಮುಖವನ್ನೇ ಗುಂಪಿನಲ್ಲಿ ಕರಗಿಸಿಬಿಡುವ ಯೋಜನೆ ಅದು. ಯಾವ ವ್ಯಾಪಾರಿಯೂ ಮಾಡದ ಕೆಲಸ.

ತಾತಿವಿಲ್ ಎಂಬ ಊರು

'ಪ್ಲೇಟೈಮ್' ಚಿತ್ರಕ್ಕೆ ಬೇಕಿದ್ದುದು ಗಾಜು ಮತ್ತು ಉಕ್ಕಿನ ಆಧುನಿಕ ಪ್ಯಾರಿಸ್. ವಿಮಾನ ನಿಲ್ದಾಣ, ಕಚೇರಿ, ಅಂಗಡಿ, ಹೋಟೆಲ್ಲು. ನಿಜವಾದ ಜಾಗಗಳಲ್ಲಿ ವರ್ಷಗಟ್ಟಲೆ ಚಿತ್ರೀಕರಣಕ್ಕೆ ಯಾರು ಬಿಡುತ್ತಾರೆ? ಹಾಗಾಗಿ 1964ರಲ್ಲಿ ಪ್ಯಾರಿಸ್‌ನ ಆಗ್ನೇಯ ಅಂಚಿನಲ್ಲಿ, ಸುಮಾರು 15,000 ಚದರ ಮೀಟರ್ ಜಾಗದಲ್ಲಿ, ಊರನ್ನೇ ಕಟ್ಟಿಸಲು ಶುರುಮಾಡಿದರು. ರಸ್ತೆ, ಸಿಗ್ನಲ್ ದೀಪ, ಓಡುವ ಎಸ್ಕಲೇಟರ್, ಊರಿಗೇ ಪ್ರತ್ಯೇಕ ವಿದ್ಯುತ್ ವ್ಯವಸ್ಥೆ. ಬೇಕಾದ ಕಡೆ ತಳ್ಳಿಕೊಂಡು ಹೋಗುವಂತೆ ಗಾಲಿಗಳ ಮೇಲೆ ನಿಲ್ಲಿಸಿದ ಕಟ್ಟಡಗಳು. ದೂರದಲ್ಲಿ ನಿಂತ ಜನರ ಜಾಗಕ್ಕೆ ಆಳೆತ್ತರದ ಫೋಟೋ ಕಟೌಟುಗಳು. ಪತ್ರಕರ್ತರು ಈ ಊರಿಗೆ ತಾತಿವಿಲ್ ಎಂದು ಹೆಸರಿಟ್ಟರು.

ಊರು ಮುಗಿಯುವ ಹೊತ್ತಿಗೇ ಹಣ ಮುಗಿಯಹತ್ತಿತ್ತು. ಬಿರುಗಾಳಿ ಬಂದು ಸೆಟ್ ಹಾಳಾಯಿತು. ಚಿತ್ರೀಕರಣ ನಿಂತಿತು, ಸಾಲ ಸಿಕ್ಕಿತು, ಶುರುವಾಯಿತು, ಮತ್ತೆ ನಿಂತಿತು. ಹೀಗೆ ಮೂರು ವರ್ಷ. ಇಷ್ಟಾದರೂ ತಾತಿ ಅವಸರ ಮಾಡಲಿಲ್ಲ. ಒಂದೊಂದು ಪಾತ್ರವನ್ನೂ, ಅದು ತೆರೆಯ ಮೂಲೆಯಲ್ಲಿ ಎರಡು ಸೆಕೆಂಡ್ ಹಾದು ಹೋಗುವುದಾದರೂ ಸರಿ, ಮೊದಲು ತಾವೇ ನಡೆದು ತೋರಿಸುತ್ತಿದ್ದರು. ಅಮೆರಿಕನ್ ಪ್ರವಾಸಿ ಹೆಂಗಸರ ಪಾತ್ರಗಳಿಗೆ ನಟಿಯರನ್ನು ಹುಡುಕಲಿಲ್ಲ. ಪ್ಯಾರಿಸ್ ಬಳಿ ನೆಲೆಸಿದ್ದ ಅಮೆರಿಕನ್ ಸೇನಾ ಕುಟುಂಬಗಳ ಮಹಿಳೆಯರನ್ನು ಕರೆತಂದರು. ಮಾಮೂಲಿ ಫಿಲ್ಮ್‌ಗಿಂತ ಎರಡರಷ್ಟು ಅಗಲದ, ದುಬಾರಿಯಾದ 70 ಎಂಎಂ ಫಿಲ್ಮೇ ಬೇಕೆಂದು ಹಟ ಹಿಡಿದರು. ಸಾಮಾನ್ಯವಾಗಿ ಯುದ್ಧ, ಸಾಮ್ರಾಜ್ಯ, ಮರಳುಗಾಡು ತೋರಿಸಲು ಬಳಸುತ್ತಿದ್ದ ಫಿಲ್ಮ್ ಅದು. ತಾತಿ ಅದರಲ್ಲಿ ತೋರಿಸಹೊರಟದ್ದು ಕೂತರೆ ನಿಟ್ಟುಸಿರು ಬಿಡುವ ಕುರ್ಚಿಯನ್ನು. ಕೊನೆಗೆ ಸೆಂ ಜೆರ್ಮೆನ್‌ನಲ್ಲಿದ್ದ ಮನೆಯನ್ನೂ, ಹಳೇ ಚಿತ್ರಗಳ ಹಕ್ಕುಗಳನ್ನೂ ಸಾಲಕ್ಕೆ ಅಡವಿಟ್ಟರು.

ಚಿತ್ರದಲ್ಲಿ ಕಥೆ ಎನ್ನುವಂಥದ್ದು ಹುಡುಕಿದರೂ ಸಿಗದು. ಉಲೋ ಯಾರನ್ನೋ ಕಾಣಲು ಕಚೇರಿಗೆ ಬರುತ್ತಾನೆ; ಗಾಜಿನ ಗೋಡೆಗಳ ನಡುವೆ ಆತನಿಗೆ ಇವರು ಸಿಗುವುದಿಲ್ಲ, ಇವರಿಗೆ ಆತ ಸಿಗುವುದಿಲ್ಲ. ಪ್ರವಾಸಿಗರ ದಂಡು ಪ್ಯಾರಿಸ್ ನೋಡಲು ಬರುತ್ತದೆ, ಐಫೆಲ್ ಗೋಪುರ ಕಾಣುವುದು ಗಾಜಿನ ಬಾಗಿಲಿನ ಪ್ರತಿಬಿಂಬದಲ್ಲಿ ಮಾತ್ರ. ಪ್ರವಾಸಿ ಏಜೆನ್ಸಿಯ ಪೋಸ್ಟರುಗಳಲ್ಲಿ ಯಾವ ದೇಶದ ಚಿತ್ರ ನೋಡಿದರೂ ಅದೇ ಕಟ್ಟಡ. ರಾತ್ರಿ ಹೊಸ ರೆಸ್ಟೋರೆಂಟ್ ಒಂದರ ಉದ್ಘಾಟನೆ. ಕೆಲಸವೇ ಮುಗಿದಿಲ್ಲ, ಗಿರಾಕಿಗಳು ಬಂದಾಗಿದೆ. ನೆಲದ ಹಾಸು ಕಿತ್ತು ವೇಟರ್ ಬೂಟಿಗೆ ಅಂಟುತ್ತದೆ. ಕುರ್ಚಿಯ ಕಿರೀಟದ ಗುರುತು ಕೂತವರ ಬೆನ್ನಿನ ಮೇಲೆ ಅಚ್ಚಾಗುತ್ತದೆ. ಗಾಜಿನ ಬಾಗಿಲು ಉಲೋ ಕೈಯಲ್ಲಿ ಪುಡಿಪುಡಿ. ದ್ವಾರಪಾಲಕ ಉಳಿದ ಹಿಡಿಯನ್ನಷ್ಟೇ ಗಾಳಿಯಲ್ಲಿ ಹಿಡಿದು, ಬಾಗಿಲು ಇದೆಯೆಂಬಂತೆ ಬಂದವರಿಗೆಲ್ಲ ತೆರೆದು ಮುಚ್ಚುತ್ತಾನೆ. ಯಾರೂ ಏನೂ ಕೇಳುವುದಿಲ್ಲ. ಛಾವಣಿ ಕಳಚಿ ಬೀಳುವ ಹೊತ್ತಿಗೆ, ಅಲ್ಲಿಯವರೆಗೆ ಬಿಗಿದುಕೊಂಡಿದ್ದ ಜನ ಮೊದಲ ಬಾರಿ ಪರಸ್ಪರ ಮಾತಾಡುತ್ತಿರುತ್ತಾರೆ.

ಈ ದೃಶ್ಯಗಳಲ್ಲಿ ಒಟ್ಟೊಟ್ಟಿಗೆ ಐದಾರು ಹಾಸ್ಯ ನಡೆಯುತ್ತಿರುತ್ತದೆ. ಎಲ್ಲಿ ನೋಡಬೇಕೆಂದು ಕ್ಯಾಮೆರಾ ಬೆರಳು ತೋರಿಸುವುದಿಲ್ಲ. ನೋಡುಗನೇ ಹುಡುಕಿಕೊಳ್ಳಬೇಕು. ತಾತಿ ಗೆದ್ದದ್ದೂ ಸೋತದ್ದೂ ಇಲ್ಲೇ. 1967ರ ಡಿಸೆಂಬರ್‌ನಲ್ಲಿ ಚಿತ್ರ ಬಿಡುಗಡೆಯಾದಾಗ ಜನ ಬಂದದ್ದು ತಮ್ಮ ಉಲೋನನ್ನು ನೋಡಲು. ಆತ ಎಲ್ಲೋ ಹಿಂದೆ, ಗುಂಪಿನಲ್ಲೊಬ್ಬ. ಅವನ ಹಾಗೇ ಟೋಪಿ, ಕೋಟು ಹಾಕಿದ ಬೇರೆಯವರನ್ನು ಬೇಕೆಂದೇ ಅಡ್ಡಾಡಿಸಿ ಪ್ರೇಕ್ಷಕರನ್ನು ಬೇಸ್ತು ಬೀಳಿಸಿದ್ದರು ಬೇರೆ. ಅಲ್ಲದೆ 70 ಎಂಎಂ ಸೌಲಭ್ಯ ಇರುವ ಚಿತ್ರಮಂದಿರಗಳೇ ಬೇಕೆಂಬ ಪಟ್ಟು. ಅಂಥವು ಇದ್ದದ್ದು ಬೆರಳೆಣಿಕೆಯಷ್ಟು. ಎರಡೂವರೆ ಗಂಟೆ ಮೀರಿದ್ದ ಚಿತ್ರವನ್ನು ತಾವೇ ಕತ್ತರಿಸಿ ಚಿಕ್ಕದು ಮಾಡಿದರು. ಪ್ರಯೋಜನವಾಗಲಿಲ್ಲ. ಅಮೆರಿಕದಲ್ಲಿ ಅದು ತೆರೆಗೆ ಬರಲು 1973 ಆಗಬೇಕಾಯಿತು.

ಹೊಸ ಚಿತ್ರ ನಿರ್ದೇಶಕರಿಗೆ ಉಪಯೋಗವಾಗಲಿ, ಈ ಊರನ್ನು ಉಳಿಸಿಕೊಡಿ ಎಂದು ತಾತಿ ಕೇಳಿಕೊಂಡಿದ್ದರು. ಯಾರೂ ಕಿವಿಗೊಡಲಿಲ್ಲ. ತಾತಿವಿಲ್ ಅನ್ನು ಕೆಡವಿದರು. ಮನೆ ಕೈಬಿಟ್ಟಿತು. ಸ್ಪೆಕ್ತಾ ಫಿಲ್ಮ್ಸ್ ದಿವಾಳಿಯೆದ್ದಿತು. ಎಲ್ಲಕ್ಕಿಂತ ದೊಡ್ಡ ಪೆಟ್ಟೆಂದರೆ ಪೋಸ್ಟ್‌ಮ್ಯಾನ್, ರಜೆಯ ಉಲೋ, ಸೋದರಮಾವ ಎಲ್ಲರೂ ಸಾಲಗಾರರ ವಶವಾದರು. ಆಸ್ಕರ್ ಗೆದ್ದ ಚಿತ್ರವನ್ನು ಪ್ರದರ್ಶಿಸುವ ಹಕ್ಕು ಅದನ್ನು ಮಾಡಿದವರ ಕೈಯಲ್ಲೇ ಇರಲಿಲ್ಲ.

ತಾತಿ ದುಂದುಗಾರ, ಹಟಮಾರಿ ಎಂದು ಆಗ ಆಡಿಕೊಂಡವರಿದ್ದರು. ಅದರಲ್ಲಿ ನಿಜವೂ ಇಲ್ಲದಿಲ್ಲ. ಪಾಲುದಾರರನ್ನು, ಸಲಹೆಗಾರರನ್ನು ಹತ್ತಿರ ಸೇರಿಸದ ಸ್ವಭಾವ ಅವರನ್ನು ಮುಳುಗಿಸಿತು. ಆದರೆ ಅದೇ ಸ್ವಭಾವ ಇಲ್ಲದಿದ್ದರೆ ಪ್ಲೇಟೈಮ್ ಎಂಬ ಚಿತ್ರವೂ ಇರುತ್ತಿರಲಿಲ್ಲ.

ಮತ್ತೆ ಸರ್ಕಸ್ಸಿಗೆ

ಸಾಲದ ನಡುವೆ ಉಲೋ ಮತ್ತೊಮ್ಮೆ ಕೋಟು ತೊಡಬೇಕಾಯಿತು. ಹಾಲೆಂಡಿನವರ ಜತೆ ಸೇರಿ ಮಾಡಿದ 'ಟ್ರಾಫಿಕ್' 1971ರಲ್ಲಿ ಬಂತು. ಪ್ಯಾರಿಸ್‌ನಿಂದ ಆಮ್‌ಸ್ಟರ್‌ಡ್ಯಾಮ್‌ನ ವಾಹನ ಮೇಳಕ್ಕೆ ಒಂದು ಕ್ಯಾಂಪಿಂಗ್ ಕಾರು ತೆಗೆದುಕೊಂಡು ಹೊರಟವರು ದಾರಿಯುದ್ದಕ್ಕೂ ತೊಂದರೆಗೆ ಸಿಕ್ಕಿ, ತಲುಪುವ ಹೊತ್ತಿಗೆ ಮೇಳವೇ ಮುಗಿದಿರುತ್ತದೆ. ಉಲೋನ ಕೆಲಸವೂ ಹೋಗುತ್ತದೆ. ಸಾಲಗಾರರಿಂದ ಸುಸ್ತಾದ ಮನುಷ್ಯನ ಚಿತ್ರ ಎಂದು ಅನಿಸುವುದೇ ಇಲ್ಲ, ಅಷ್ಟು ಹಗುರ. ಕೊನೆಯ ಚಿತ್ರ 1974ರ 'ಪರೇಡ್'. ಸ್ವೀಡನ್‌ನ ಟಿವಿಗಾಗಿ, ಬಹುಪಾಲು ವಿಡಿಯೋದಲ್ಲೇ ತೆಗೆದದ್ದು. ಸರ್ಕಸ್ ರಂಗದ ಮಧ್ಯೆ ನರೆತ ತಲೆಯ ತಾತಿ ನಿಂತು ಅದೇ ಗೋಲ್‌ಕೀಪರ್, ಅದೇ ಟೆನಿಸ್, ಅದೇ ಕುದುರೆ ಮಾಡಿ ತೋರಿಸುತ್ತಾರೆ. ನಲವತ್ತು ವರ್ಷದ ಹಿಂದೆ ರಗ್ಬಿ ಗೆಳೆಯರನ್ನು ನಗಿಸಿದ್ದು ಅದೇ ಸರಕು. 70 ಎಂಎಂ ಇಲ್ಲ, ಊರಿಲ್ಲ, ಒಂದು ಉದ್ದನೆಯ ದೇಹ ಮಾತ್ರ.

1977ರಲ್ಲಿ ಫ್ರೆಂಚ್ ಚಿತ್ರರಂಗ ಗೌರವ ಸೀಸರ್ ಪ್ರಶಸ್ತಿ ಕೊಟ್ಟಿತು. 'ಕನ್ಫ್ಯೂಷನ್' ಎಂಬ ಹೊಸ ಚಿತ್ರದ ಯೋಜನೆ ಇತ್ತು. ಅದರಲ್ಲಿ ಉಲೋ ಶುರುವಿನಲ್ಲೇ ಸಾಯಬೇಕಿತ್ತು. ಅದು ಆಗಲೇ ಇಲ್ಲ. 1982ರ ನವೆಂಬರ್‌ನಲ್ಲಿ, 75ನೇ ವಯಸ್ಸಿನಲ್ಲಿ, ಶ್ವಾಸಕೋಶದ ರಕ್ತನಾಳ ಕಟ್ಟಿಕೊಂಡು ತಾತಿ ಪ್ಯಾರಿಸ್‌ನಲ್ಲಿ ತೀರಿಕೊಂಡರು.

ಮುಂದಿನದು ಬಹುಪಾಲು ಮಗಳ ಕೆಲಸ. ಚಿತ್ರ ಸಂಕಲನಕಾರ್ತಿಯಾಗಿದ್ದ ಸೋಫಿ ತಾತಿಶೆಫ್ 'ಜೂರ್ ದ ಫೆತ್'ನ ಬಣ್ಣದ ನೆಗೆಟಿವ್ ಹಿಡಿದು ಕೂತು, 1995ರಲ್ಲಿ ಅಪ್ಪ ಬಯಸಿದ್ದ ಬಣ್ಣದಲ್ಲೇ ಅದನ್ನು ತೆರೆಗೆ ತಂದರು. ಚಿತ್ರಗಳ ಹಕ್ಕುಗಳನ್ನು ಕುಟುಂಬದವರು ಮರಳಿ ಪಡೆದರು. ಸೋಫಿ 2001ರಲ್ಲಿ ತೀರಿಕೊಂಡರು. ಮರುವರ್ಷ ದುರಸ್ತಿಯಾದ 'ಪ್ಲೇಟೈಮ್' 70 ಎಂಎಂನಲ್ಲೇ ಮತ್ತೆ ಹೊರಬಂತು. 2022ರಲ್ಲಿ ಬ್ರಿಟನ್ನಿನ 'ಸೈಟ್ ಅಂಡ್ ಸೌಂಡ್' ಪತ್ರಿಕೆ ಜಗತ್ತಿನ ವಿಮರ್ಶಕರಿಂದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಪಟ್ಟಿ ಮಾಡಿಸಿದಾಗ ಅದಕ್ಕೆ 23ನೇ ಸ್ಥಾನ ಸಿಕ್ಕಿತು. ತಾತಿ ಬರೆದಿಟ್ಟು ಚಿತ್ರೀಕರಿಸದೆ ಹೋದ ಒಂದು ಕಥೆಯನ್ನು ಸಿಲ್ವೆನ್ ಶೋಮೆ 2010ರಲ್ಲಿ 'ದಿ ಇಲ್ಯೂಷನಿಸ್ಟ್' ಎಂಬ ಅನಿಮೇಷನ್ ಚಿತ್ರ ಮಾಡಿದರು. ಬೇಡಿಕೆ ಕಳೆದುಕೊಂಡ ಜಾದೂಗಾರನೊಬ್ಬ ಮತ್ತು ಅವನನ್ನು ನಂಬಿ ಹಿಂದೆ ಬಂದ ಹುಡುಗಿಯೊಬ್ಬಳ ಕಥೆ. ಅದನ್ನು ತಾತಿ ಬರೆದದ್ದು ಸೋಫಿಗಾಗಿಯೋ, ಒಪ್ಪಿಕೊಳ್ಳದೆ ಬಿಟ್ಟ ಆ ಮೊದಲ ಮಗಳಿಗಾಗಿಯೋ ಎಂಬ ವಾದ ಆಗ ಜೋರಾಗಿ ನಡೆಯಿತು.

'ಮೊಸ್ಯು ಉಲೋ ಅವರ ರಜೆ' ತೆಗೆದ ಸೆಂ ಮಾರ್ಕ್ ಕಡಲತೀರದಲ್ಲಿ ಈಗ ಉಲೋನ ಕಂಚಿನ ಪ್ರತಿಮೆಯಿದೆ. ಸೊಂಟದ ಮೇಲೆ ಕೈಯಿಟ್ಟು, ಸ್ವಲ್ಪ ಮುಂದಕ್ಕೆ ಬಾಗಿ, ಕೆಳಗೆ ಮರಳಿನಲ್ಲಿ ರಜೆ ಕಳೆಯುತ್ತಿರುವವರನ್ನು ನೋಡುತ್ತಾ ನಿಂತಿದ್ದಾನೆ.